ಬಾನೆಟ್ ತಣ್ಣಗಿದ್ದಾಗಲೇ ಹೋಗಬೇಕು

ಹಳೆಯ ಐಷಾರಾಮಿ ಎಸ್‌ಯುವಿಯೊಂದನ್ನು ಕೊಳ್ಳುವವರ ಪರವಾಗಿ ಪರೀಕ್ಷಿಸಲು ಹೋಗಿದ್ದೆವು. ಬೆಳಿಗ್ಗೆ ಆರೂವರೆಗೆ ಗಾಡಿಯ ಹತ್ತಿರ ನಿಂತು ಮೊದಲು ಮಾಡಿದ ಕೆಲಸ, ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದ್ದು. ತಣ್ಣಗಿತ್ತು. ಹಿಂದಿನ ದಿನ ಫೋನಿನಲ್ಲಿ ಮಾಲೀಕರಿಗೆ ಹೇಳಿದ್ದು ಎರಡೇ ಮಾತು: ರಾತ್ರಿ ನಿಲ್ಲಿಸಿದ ಜಾಗದಿಂದ ಕದಲಿಸಬೇಡಿ, ನಾವು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ. ಇದಕ್ಕೆ ಒಪ್ಪದವರ ಗಾಡಿ ನೋಡಲು ಹೋಗುವುದೇ ದಂಡ. ಎಂಜಿನ್ ಬಿಸಿಯಾಗಿದ್ದರೆ, ಸಸ್ಪೆನ್ಷನ್ ಗಾಳಿ ತುಂಬಿಕೊಂಡು ಎದ್ದು ನಿಂತಿದ್ದರೆ, ಅರ್ಧಕ್ಕರ್ಧ ಕಾಯಿಲೆ ಕಣ್ಣಿಗೇ ಬೀಳುವುದಿಲ್ಲ.

ನೋಡಬೇಕಿದ್ದದ್ದು ಏಳು ವರ್ಷ ಹಳೆಯ, ಏಳು ಸೀಟಿನ ಡೀಸೆಲ್ ಎಸ್‌ಯುವಿ. ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಎಂಟು ಗೇರಿನ ಆಟೊಮ್ಯಾಟಿಕ್, ನಾಲ್ಕು ಚಕ್ರಕ್ಕೂ ಏರ್ ಸಸ್ಪೆನ್ಷನ್ (ಸ್ಪ್ರಿಂಗಿನ ಬದಲು ಗಾಳಿಚೀಲಗಳೇ ಗಾಡಿಯನ್ನು ಹೊರುವ ಏರ್ಪಾಡು), ಉದ್ದಕ್ಕೂ ಗಾಜಿನ ಸನ್‌ರೂಫ್. ಓಡೋಮೀಟರಿನಲ್ಲಿ 92,000 ಕಿ.ಮೀ. ಕಂಪನಿಯ ಹೆಸರು ಬೇಡ. ಈ ಅಂತಸ್ತಿನ ಯಾವ ಗಾಡಿ ಆದರೂ ನೋಡುವ ಕ್ರಮ ಇದೇ.

ಕೊಳ್ಳುವವರು ಫೋನಿನಲ್ಲಿ ಬಾಳಿಕೆ ಸಮೀಕ್ಷೆಯ ಪಟ್ಟಿಯೊಂದನ್ನು ಇಟ್ಟುಕೊಂಡು ಬಂದಿದ್ದರು. ಪಟ್ಟಿ ಬೇಡವೆನ್ನುವುದಿಲ್ಲ, ಆದರೆ ಅದು ಏನನ್ನು ಎಣಿಸುತ್ತದೆ ಅನ್ನುವುದು ಗೊತ್ತಿರಬೇಕು. ಅಮೆರಿಕದ ಸಮೀಕ್ಷಾ ಸಂಸ್ಥೆ ಜೆ.ಡಿ. ಪವರ್‌ನ ಬಾಳಿಕೆ ಸಮೀಕ್ಷೆ ಮೂರು ವರ್ಷ ತುಂಬಿದ ಗಾಡಿಗಳ ಮೊದಲ ಮಾಲೀಕರನ್ನು ಕೇಳಿ, 100 ಗಾಡಿಗೆ ಎಷ್ಟು ತೊಂದರೆ ಎಂದು ಲೆಕ್ಕ ಕೊಡುತ್ತದೆ. 2023 ಮತ್ತು 2024ರಲ್ಲಿ ಅದರ ತಲೆಯಲ್ಲಿ ನಿಂತದ್ದು ಲೆಕ್ಸಸ್. ಫೋನ್ ಬ್ಲೂಟೂತ್‌ಗೆ ಸೇರದಿದ್ದರೂ ಅಲ್ಲಿ ಒಂದು ತೊಂದರೆ, ಗೇರ್‌ಬಾಕ್ಸ್ ಕೈಕೊಟ್ಟರೂ ಒಂದು ತೊಂದರೆ. ಈಚಿನ ವರ್ಷಗಳಲ್ಲಿ ದೂರು ಹೆಚ್ಚು ಬರುತ್ತಿರುವುದೇ ಪರದೆ, ನ್ಯಾವಿಗೇಷನ್, ಫೋನ್ ಜೋಡಣೆಯ ಬಗ್ಗೆ. ಐಷಾರಾಮಿ ಎಸ್‌ಯುವಿಯ ದೊಡ್ಡ ಖರ್ಚುಗಳು ತಲೆ ಎತ್ತುವುದು ಆರು, ಏಳು, ಎಂಟನೇ ವರ್ಷದಲ್ಲಿ. ಗಾಳಿಚೀಲದ ರಬ್ಬರ್ ಒಣಗುವುದು, ಪ್ಲಾಸ್ಟಿಕ್ ಪೈಪು ಪುಡಿಯಾಗುವುದು, ಎಂಜಿನ್ನಿನ ಚೈನ್ ಸಡಿಲಾಗುವುದು ಎಲ್ಲ ಆಗಲೇ. ಪಟ್ಟಿ ನೋಡಿ ಮಾಡೆಲ್ ಆರಿಸಿಕೊಳ್ಳಬಹುದು. ಎದುರಿಗೆ ನಿಂತಿರುವ ಈ ಒಂದು ಗಾಡಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಬಾಗಿಲು ತೆಗೆಯುವ ಮುಂಚೆಯೇ ಟೇಪು ಹಿಡಿದೆವು. ಎಷ್ಟೋ ಗಾಡಿಗಳಲ್ಲಿ ಬಾಗಿಲು ತೆರೆದ ಕೂಡಲೇ ಸಸ್ಪೆನ್ಷನ್ ಎಚ್ಚರಗೊಂಡು ತನ್ನನ್ನು ತಾನೇ ಸಮ ಮಾಡಿಕೊಳ್ಳಲು ನೋಡುತ್ತದೆ. ಚಕ್ರದ ನಡುಮಧ್ಯದಿಂದ ಮೇಲಿನ ಫೆಂಡರ್ ಅಂಚಿನವರೆಗೆ ನೆಟ್ಟಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಮುಂದಿನ ಎರಡರ ನಡುವೆ 4 ಮಿ.ಮೀ. ವ್ಯತ್ಯಾಸ, ಅದು ಏನೂ ಅಲ್ಲ. ಹಿಂದೆ ಬಲಕ್ಕಿಂತ ಎಡ 24 ಮಿ.ಮೀ. ಕೆಳಗೆ. ನೆಲದ ಇಳಿಜಾರು ಇರಬಹುದೇ ಎಂದು ರಸಮಟ್ಟ ಇಟ್ಟು ನೋಡಿದರೂ ಸಮವಾಗಿಯೇ ಇತ್ತು.

ಎಡ ಹಿಂಚಕ್ರದ ಒಳಗೆ ಟಾರ್ಚ್ ಬಿಟ್ಟರೆ ಕಾರಣ ಕಂಡಿತು. ಗಾಳಿಚೀಲದ ರಬ್ಬರ್ ಮೇಲೆ ಕೆಳಗೆ ಮಡಚಿ ಉರುಳುವ ಜಾಗದಲ್ಲಿ, ಬತ್ತಿದ ಕೆರೆಯ ನೆಲದಂತೆ ಸಣ್ಣ ಸಣ್ಣ ಬಿರುಕು. ಸೋಪಿನ ನೀರು ಸ್ಪ್ರೇ ಮಾಡಿ ಕಾದೆವು. ಎರಡು ಬಿರುಕಿನ ಬಾಯಲ್ಲಿ ಸಾಸಿವೆ ಗಾತ್ರದ ಗುಳ್ಳೆ ಎದ್ದವು. ಸೋರಿಕೆ ಇಷ್ಟೇ, ಆದರೆ ಅದು ಮಾಡುವ ಹಾಳು ಇಷ್ಟಲ್ಲ. ಸಸ್ಪೆನ್ಷನ್ ಕಂಪ್ರೆಸರ್ ಆಗಾಗ ಸ್ವಲ್ಪ ಹೊತ್ತು ಓಡಿ ಆರಾಮ ತೆಗೆದುಕೊಳ್ಳಲು ಮಾಡಿದ ಯಂತ್ರ. ಚೀಲ ಸೋರುತ್ತಿದ್ದರೆ ಅದು ಮತ್ತೆ ಮತ್ತೆ ಓಡುತ್ತದೆ, ಬಿಸಿಯಾಗುತ್ತದೆ, ಒಳಗಿನ ಪಿಸ್ಟನ್ ರಿಂಗ್ ಸವೆಯುತ್ತದೆ. ಗಾಳಿಯ ತೇವ ಹೀರಬೇಕಾದ ಡ್ರೈಯರ್ ನೆನೆದು ಕೂರುತ್ತದೆ, ಆ ನೀರು ವಾಲ್ವ್ ಬ್ಲಾಕಿಗೆ ಹೋಗುತ್ತದೆ. ಕೊನೆಗೆ ಅದನ್ನು ಆನ್ ಆಫ್ ಮಾಡುವ ರಿಲೇ ಅಂಟಿಕೊಂಡರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ, ಸುಟ್ಟೇ ಹೋಗುತ್ತದೆ. ಕಂಪ್ರೆಸರ್ ಮಾತ್ರ ಹೊಸದು ಹಾಕಿಸಿ ಚೀಲ ಹಳೆಯದೇ ಬಿಟ್ಟ ಗಾಡಿಗಳು ಎಷ್ಟೋ ಬಂದಿವೆ, ಹೊಸ ಕಂಪ್ರೆಸರೂ ಅದೇ ದಾರಿ ಹಿಡಿದಿರುತ್ತದೆ. ಚೀಲ ಬದಲಿಸುವಾಗ ಒಂದು ಆಕ್ಸಲ್‌ನ ಎರಡನ್ನೂ ಜೊತೆಗೇ ಬದಲಿಸಬೇಕು, ಎಡದ್ದು ಒಣಗಿದೆ ಎಂದರೆ ಬಲದ್ದಕ್ಕೂ ಅದೇ ವಯಸ್ಸು.

ಇನ್ನು ಬಾನೆಟ್. ಕೂಲಂಟ್ ಟ್ಯಾಂಕಿನ ಮಟ್ಟ ಸರಿಯಿತ್ತು. ಮಟ್ಟಕ್ಕಿಂತ ಮುಖ್ಯ, ಪೈಪಿನ ಕೀಲುಗಳಲ್ಲಿ ಒಣಗಿ ಅಂಟಿದ ಬಿಳಿ ಅಥವಾ ಗುಲಾಬಿ ಕಲೆ ಹುಡುಕುವುದು. ಥರ್ಮೋಸ್ಟಾಟ್ ಮನೆ, ಪೈಪು ಕವಲೊಡೆಯುವ ಜಾಗ ಎಲ್ಲ ಈಗ ಪ್ಲಾಸ್ಟಿಕ್. ವರ್ಷಗಟ್ಟಲೆ ಕಾದು ತಣಿದು ಬಿಸ್ಕತ್ತಿನಂತಾಗುತ್ತದೆ. ಡೀಸೆಲ್ ಆದರೆ ಇಜಿಆರ್ ಕೂಲರ್, ಅಂದರೆ ಎಂಜಿನ್ನಿಗೆ ಮರಳಿ ಕಳಿಸುವ ಹೊಗೆಯನ್ನು ತಣಿಸುವ ಭಾಗ, ಅದರ ಸುತ್ತಲೂ ನೋಡಬೇಕು. 2018ರಲ್ಲಿ ಬಿಎಂಡಬ್ಲ್ಯು ಹಲವು ದೇಶಗಳಲ್ಲಿ ಡೀಸೆಲ್ ಗಾಡಿಗಳನ್ನು ವಾಪಸ್ ಕರೆಸಿಕೊಂಡದ್ದು ಇದೇ ಕೂಲರ್ ಸೋರಿ, ಕೂಲಂಟ್ ಮಸಿಯೊಂದಿಗೆ ಸೇರಿ ಬೆಂಕಿ ಹತ್ತಬಹುದು ಎಂಬ ಕಾರಣಕ್ಕೆ. ಇಂಥ ವಾಪಸಾತಿ ಯಾವ ಕಂಪನಿಯದೇ ಇರಲಿ, 17 ಅಕ್ಷರದ ಚಾಸಿ ನಂಬರ್ ಕೊಟ್ಟು ಕೆಲಸ ಆಗಿದೆಯೇ ಎಂದು ಸರ್ವೀಸ್ ಸೆಂಟರಿನಲ್ಲಿ ಕೇಳಿಯೇ ಮುಂದುವರಿಯಬೇಕು.

ಒಬ್ಬರು ಸ್ಟಾರ್ಟ್ ಮಾಡಲು ಕೂತರು, ಒಬ್ಬರು ಎಂಜಿನ್ನಿನ ಹಿಂಭಾಗಕ್ಕೆ ಕಿವಿ ಕೊಟ್ಟರು. ಹಿಂಭಾಗಕ್ಕೇ ಏಕೆಂದರೆ, ಈ ವರ್ಗದ ಹಲವು ಎಂಜಿನ್‌ಗಳಲ್ಲಿ ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಚೈನ್ ಇರುವುದು ಗೇರ್‌ಬಾಕ್ಸ್ ಕಡೆಗೆ. ಎಂಜಿನ್ ಅಥವಾ ಗೇರ್‌ಬಾಕ್ಸ್ ಇಳಿಸದೆ ಅಲ್ಲಿಗೆ ಕೈ ಹೋಗುವುದಿಲ್ಲ. ತಣ್ಣನೆಯ ಎಂಜಿನ್ನಿನಲ್ಲಿ ಎಣ್ಣೆ ಕೆಳಗಿಳಿದಿರುತ್ತದೆ. ಚೈನನ್ನು ಬಿಗಿ ಹಿಡಿಯುವ ಟೆನ್ಷನರ್‌ಗೆ ಎಣ್ಣೆಯ ಒತ್ತಡ ಏರುವವರೆಗೆ ಸಡಿಲ ಚೈನ್ ಗೈಡಿಗೆ ಬಡಿದು, ಡಬ್ಬಿಯಲ್ಲಿ ಚಿಲ್ಲರೆ ಕುಲುಕಿದಂಥ ಸದ್ದು ಮಾಡುತ್ತದೆ. ನಮಗೆ ಕೇಳಿಸಿದ್ದು ಒಂದು ಸೆಕೆಂಡಿಗಿಂತ ತುಸು ಹೆಚ್ಚು. ಎರಡು ಮೂರು ಸೆಕೆಂಡ್ ದಾಟಿದ್ದರೆ ಅಲ್ಲಿಂದಲೇ ವಾಪಸ್ ಹೊರಡುತ್ತಿದ್ದೆವು. ಒಂದು ಸೆಕೆಂಡ್ ಅನ್ನುವುದು ತೊಡಕಿನ ಜಾಗ, ಸರಿ ಎನ್ನಲೂ ಆಗದು, ಕೆಟ್ಟಿದೆ ಎನ್ನಲೂ ಆಗದು. ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಸರ್ವೀಸ್ ಕಾಗದ ಕೇಳಿದೆವು.

ಪುಸ್ತಕದಲ್ಲಿ ಠಸ್ಸೆ ಸಾಲಾಗಿತ್ತು. ಠಸ್ಸೆಗಿಂತ ಬಿಲ್ಲು ನೋಡಬೇಕು: ಎಷ್ಟು ಲೀಟರ್ ಎಣ್ಣೆ, ಯಾವ ದರ್ಜೆ, ಫಿಲ್ಟರ್ ಸೇರಿದೆಯೇ, ಅವತ್ತಿನ ಕಿಲೋಮೀಟರ್ ಎಷ್ಟು. 46,000ದ ಬಿಲ್ಲು ಇತ್ತು, ಅದರ ನಂತರದ್ದು 71,000ದ್ದು. ನಡುವೆ 25,000 ಕಿ.ಮೀ. ಖಾಲಿ. ಅಂಥ ಅಂತರಕ್ಕೂ ಒಪ್ಪಿಗೆ ಕೊಡುವ ಸರ್ವೀಸ್ ವೇಳಾಪಟ್ಟಿಗಳಿವೆ ನಿಜ, ಆದರೆ ಅವು ನಿರಾಳವಾಗಿ ದೂರ ಓಡುವ ಗಾಡಿಗೆ ಹೇಳಿಸಿದ್ದು. ಸ್ಕೂಲು, ಮಾರುಕಟ್ಟೆ, ಆಫೀಸು ಎಂದು ಐದೈದು ಕಿಲೋಮೀಟರ್ ಓಡುವ ಮನೆಯ ಗಾಡಿಗೆ 10,000 ಕಿ.ಮೀ. ಅಥವಾ ವರ್ಷ, ಯಾವುದು ಮೊದಲೋ ಅದೇ ಸರಿ.

ಗಾಡಿಯ ಕಂಪ್ಯೂಟರ್‌ಗಳಲ್ಲಿ ದಾಖಲಾದ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದೆವು. ಎಂಜಿನ್ ಒಂದನ್ನೇ ಓದುವ ಅಗ್ಗದ ಸಾಧನ ಇಲ್ಲಿ ಸಾಲದು. ಗೇರ್‌ಬಾಕ್ಸ್, ಸಸ್ಪೆನ್ಷನ್, ಏರ್‌ಬ್ಯಾಗ್, ಬಾಗಿಲು, ಡಿಕ್ಕಿ ಹೀಗೆ ಒಂದೊಂದಕ್ಕೂ ಇರುವ ಕಂಪ್ಯೂಟರ್ ಘಟಕ, ಅಂದರೆ ಮಾಡ್ಯೂಲ್, ಎಲ್ಲವನ್ನೂ ಓದಬೇಕು. ಎಲ್ಲ ಕಡೆಯೂ ಸೊನ್ನೆ ದೋಷ. ಮಾಲೀಕರ ಮುಖ ಅರಳಿತು, ನಮಗೆ ಅನುಮಾನ ಬಂತು. ಏಳು ವರ್ಷದ ಗಾಡಿಯಲ್ಲಿ ಬ್ಯಾಟರಿ ಒಮ್ಮೆ ಇಳಿದ ನೆನಪಿಗಾದರೂ ನಾಲ್ಕಾರು ಕೋಡ್ ಉಳಿದಿರುತ್ತವೆ. ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಲೆಕ್ಕದ ಪುಟ ತೆರೆದರೆ ಅರ್ಧಕ್ಕಿಂತ ಹೆಚ್ಚು ಪರೀಕ್ಷೆ ‘ಅಪೂರ್ಣ’. ಕೋಡ್ ಅಳಿಸಿದ ಮೇಲೆ ಓಡಿದ ದೂರ 38 ಕಿ.ಮೀ. ‘ಮೊನ್ನೆ ಹೊಸ ಬ್ಯಾಟರಿ ಹಾಕಿಸಿದೆವು ಸಾರ್’ ಎಂದರು. ಇರಬಹುದು, ಬ್ಯಾಟರಿ ಕಳಚಿದರೂ ಹೀಗಾಗುವ ಗಾಡಿಗಳಿವೆ. ವಾದ ಬೇಡ, ಓಡಿಸಿ ಬಂದು ಮತ್ತೆ ಓದಿದರೆ ಆಯಿತು. ಓಡೋಮೀಟರಿನ ಲೆಕ್ಕವನ್ನು ಬೇರೆ ಮಾಡ್ಯೂಲ್‌ಗಳ ಲೆಕ್ಕದ ಜೊತೆ ತಾಳೆ ನೋಡಿದೆವು, ಹೊಂದಿತು. ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಡಿಪಿಎಫ್‌ನ ಬೂದಿ ಮಟ್ಟವೂ ಮಿತಿಯೊಳಗೆ. ಸೈಲೆನ್ಸರ್ ಕೊಳವೆಯೊಳಗೆ ಬೆರಳಾಡಿಸಿದರೆ ಕಪ್ಪು ಮಸಿ ಹತ್ತಲಿಲ್ಲ. ಹತ್ತಿದ್ದರೆ ಫಿಲ್ಟರ್ ಒಡೆದಿದೆ ಅಥವಾ ಯಾರೋ ಒಳಗಿನ ತಿರುಳನ್ನೇ ತೆಗೆಸಿದ್ದಾರೆ ಎಂದರ್ಥ.

ಓಡಿಸಿದ್ದು 64 ಕಿ.ಮೀ. ಮೊದಲ ಕಾಲು ಗಂಟೆ ನಿಧಾನ, ಆಮೇಲೆ ಹೆದ್ದಾರಿ. ಪಿ ಇಂದ ಡಿಗೆ, ಆರ್‌ಗೆ ಹಾಕಿದಾಗ ಹಿಡಿತ ತಡವಾಗಲಿಲ್ಲ. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಎರಡರಿಂದ ಒಂದನೇ ಗೇರಿಗೆ ಇಳಿಯುವಲ್ಲಿ ಸಣ್ಣ ಗುದ್ದು. 60ರ ಆಸುಪಾಸಿನಲ್ಲಿ ಆಕ್ಸಿಲರೇಟರ್ ಕದಲಿಸದೆ ಹಿಡಿದಾಗ, ಗರಗಸದ ಮೇಲೆ ಓಡಿದಂಥ ನಡುಕ ಬಂದರೆ ಎಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನ ಲಾಕ್ ಕ್ಲಚ್ ಸವೆದಿದೆ ಅನ್ನಬೇಕು, ಇಲ್ಲಿ ಬರಲಿಲ್ಲ. ‘ಈ ಗೇರ್‌ಬಾಕ್ಸಿಗೆ ಎಣ್ಣೆ ಬದಲಿಸುವುದೇ ಬೇಡ, ಆಜೀವ ಎಣ್ಣೆ’ ಎನ್ನುವ ಮಾತು ಎಲ್ಲ ಕಡೆಯೂ ಓಡಾಡುತ್ತದೆ. ಎಂಟು ಗೇರಿನ ಪೆಟ್ಟಿಗೆಗಳನ್ನು ಹಲವು ಕಂಪನಿಗಳಿಗೆ ಮಾಡಿಕೊಡುವ ಜರ್ಮನಿಯ ಜೆಡ್‌ಎಫ್ ಸ್ವತಃ ಹೇಳುವುದು, 80,000ದಿಂದ 1,20,000 ಕಿ.ಮೀ. ನಡುವೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎಂದು. ಅದರಲ್ಲಿ ಫಿಲ್ಟರ್ ಪ್ಲಾಸ್ಟಿಕ್ ತಟ್ಟೆಯೊಳಗೇ ಕೂತಿರುತ್ತದೆ, ತಟ್ಟೆ ಸಮೇತ ಬದಲಿಸಬೇಕು. ಮಟ್ಟ ನೋಡುವುದು ಎಂಜಿನ್ ಓಡುತ್ತಿರುವಾಗ, ಎಣ್ಣೆ 30ರಿಂದ 50 ಡಿಗ್ರಿ ಒಳಗಿರುವಾಗ. ಬಿಸಿ ಬಿಸಿಯಾಗಿ ಅಳೆದು ಕಡಿಮೆ ತುಂಬಿಸಿದವರೇ ಆಮೇಲೆ ಗೇರ್‌ಬಾಕ್ಸನ್ನು ಬೈಯುತ್ತಾರೆ.

ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಎಂಟಿನ ಆಕಾರದಲ್ಲಿ ಓಡಿಸಿದಾಗ ಗಾಡಿ ತಡೆತಡೆದು ಮುಂದೆ ಹೋಯಿತು. ಇಳಿದು ಟೈರ್ ನೋಡಿದರೆ ಮುಂದೆ ಒಂದು ಕಂಪನಿ, ಹಿಂದೆ ಇನ್ನೊಂದು. ಮುಂದಿನ ಟೈರಿನ ಗೀರಿನ ಆಳ 6.5 ಮಿ.ಮೀ., ಹಿಂದಿನದರದು 3. ಟೈರಿನ ಮೇಲಿನ ನಾಲ್ಕಂಕಿ, ಮೊದಲೆರಡು ವಾರ, ಕೊನೆಯೆರಡು ವರ್ಷ, ಅದರ ಪ್ರಕಾರವೂ ಹಿಂದಿನವು ನಾಲ್ಕು ವರ್ಷ ಹಳತು. ಸವೆದ ಟೈರಿನ ಸುತ್ತಳತೆ ಕಡಿಮೆ, ಹಾಗಾಗಿ ಅದೇ ದೂರಕ್ಕೆ ಹೆಚ್ಚು ಸುತ್ತು ಸುತ್ತುತ್ತದೆ. ಹಿಂದೆ ಮುಂದೆ ಸುತ್ತಿನ ಈ ವ್ಯತ್ಯಾಸವನ್ನು, ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಕ್ಲಚ್ ಹೊತ್ತುಕೊಂಡು, ನೆಟ್ಟಗಿನ ರಸ್ತೆಯಲ್ಲೂ ಉಜ್ಜಿಕೊಂಡೇ ಇರುತ್ತದೆ. ಎರಡು ಟೈರ್ ಉಳಿಸಲು ಹೋಗಿ ಟ್ರಾನ್ಸ್‌ಫರ್ ಕೇಸ್ ಕಳೆದುಕೊಳ್ಳುವುದು ಹೀಗೆ.

ವಾಪಸ್ ಬಂದ ಮೇಲೆ ಸನ್‌ರೂಫ್ ತೆರೆದು, ನಾಲ್ಕು ಮೂಲೆಯ ಕಾಲುವೆಗೂ ಕಾಲು ಕಾಲು ಲೀಟರ್ ನೀರು ನಿಧಾನವಾಗಿ ಹುಯ್ದೆವು. ಮೂರು ಮೂಲೆಯ ನೀರು ಚಕ್ರದ ಹಿಂದೆ ತೊಟ್ಟಿಕ್ಕಿತು. ಬಲ ಹಿಂದಿನದು ಎಲ್ಲಿಯೂ ಬರಲಿಲ್ಲ. ಡಿಕ್ಕಿಯ ಬಲ ಪಕ್ಕದ ಮುಚ್ಚಳ ತೆಗೆದು ಅಡಿಯ ಸ್ಪಂಜಿಗೆ ಟಿಶ್ಯೂ ಒತ್ತಿದರೆ ಪೂರ್ತಿ ನೆನೆಯಿತು. ಮುಗ್ಗಲು ವಾಸನೆ ನೋಡಿದರೆ ಈ ಒದ್ದೆ ಇವತ್ತಿನದಲ್ಲ. ಅದರ ಅಂಗೈಯಗಲ ಆಚೆ ಆಂಪ್ಲಿಫೈಯರ್ ಕೂತಿತ್ತು, ಕನೆಕ್ಟರ್ ಪಿನ್ನುಗಳು ಸದ್ಯಕ್ಕೆ ಹಸಿರು ತಿರುಗಿರಲಿಲ್ಲ. ಕಸ ಕಟ್ಟಿಕೊಂಡ ಕೊಳವೆಗೆ ಕಂಪ್ರೆಸರ್ ಗಾಳಿ ಹೊಡೆಯಬಾರದು, ಕೀಲು ಕಳಚಿ ನೀರು ಶಾಶ್ವತವಾಗಿ ಒಳಗೇ ಇಳಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರ ತೂರಿಸಿದರೆ ಸಾಕು.

ಮೂರನೇ ಸಾಲು, ಹಿಂದಿನ ಎಸಿ, ಕ್ಯಾಮೆರಾ, ಡಿಕ್ಕಿಯ ಮೋಟಾರು ಎಲ್ಲ ಎರಡೆರಡು ಸಲ ಆಡಿಸಿದ್ದಾಯಿತು, ದೂರಿಲ್ಲ. ಬಣ್ಣದ ದಪ್ಪ ಅಳೆಯುವವರಿಗೆ ಒಂದು ಮಾತು: ಈ ಗಾಡಿಗಳ ಬಾನೆಟ್, ಬಾಗಿಲು ಎಷ್ಟೋ ಸಲ ಅಲ್ಯೂಮಿನಿಯಂ. ಕಬ್ಬಿಣಕ್ಕಷ್ಟೇ ಕೆಲಸ ಮಾಡುವ ಮೀಟರ್ ಅಲ್ಲಿ ಸುಮ್ಮನಿರುತ್ತದೆ, ಅದನ್ನು ನೋಡಿ ಪುಟ್ಟಿ ಹಾಕಿದ್ದಾರೆಂದು ಜಗಳಕ್ಕೆ ನಿಲ್ಲಬಾರದು.

ಮಧ್ಯಾಹ್ನ ಮತ್ತೆ ಸ್ಕ್ಯಾನ್ ಮಾಡಿದಾಗ ಎರಡು ಕೋಡ್ ಎದ್ದಿದ್ದವು: ಹಿಂದಿನ ಎಡ ಮೂಲೆ ಮೇಲೇರುವುದು ನಿಧಾನ, ಕಂಪ್ರೆಸರ್ ಅತಿ ಬಿಸಿ. ಬೆಳಗಿನ ಟೇಪು ಹೇಳಿದ್ದನ್ನೇ ಗಾಡಿಯೂ ಹೇಳಿತು.

ಚೀಲ, ಕಂಪ್ರೆಸರ್, ನಾಲ್ಕು ಟೈರ್, ಗೇರ್ ಎಣ್ಣೆ, ಕಾಲುವೆ ಇವೆಲ್ಲ ಲೆಕ್ಕಕ್ಕೆ ಸಿಗುವ ಖರ್ಚು, ಚೌಕಾಸಿಯಲ್ಲಿ ಕಳೆಯಬಹುದು. ಮಾಲೀಕರೂ ಇಳಿಸಲು ತಯಾರಿದ್ದರು. ಬೇಡವೆಂದು ಹೇಳಿಸಿದ್ದು ಎಣ್ಣೆ ಬಿಲ್ಲಿಲ್ಲದ ಆ 25,000 ಕಿಲೋಮೀಟರ್ ಮತ್ತು ಚೈನಿನ ಆ ಒಂದು ಸೆಕೆಂಡಿನ ಸದ್ದು. ಎರಡನ್ನೂ ಬಿಡಿಬಿಡಿಯಾಗಿ ಕ್ಷಮಿಸಬಹುದಿತ್ತು, ಒಟ್ಟಿಗೆ ಬಂದರೆ ಲೆಕ್ಕ ಹಾಕಲು ಬರುವುದಿಲ್ಲ. ಕೊಳ್ಳುವವರ ಪಟ್ಟಿಯಲ್ಲಿದ್ದ ಮುಂದಿನ ಗಾಡಿ 1,31,000 ಕಿ.ಮೀ. ಓಡಿದ್ದು, ಇದಕ್ಕಿಂತ ಒಂದು ವರ್ಷ ಹಳತು. ಅದರ ಮಾಲೀಕರು ಫೋನಿಗೆ ಕಳಿಸಿದ್ದು ಹದಿಮೂರು ಎಣ್ಣೆ ಬಿಲ್ಲು. ಅವರಿಗೂ ಹೇಳಿದ್ದು ಅದೇ ಎರಡು ಮಾತು.