ಆಗುಂಬೆ ದಾರಿಯ ಸೀತಾಳೆ ದಂಡೆ

ರೋಹಿಣಿ ಮಳೆ ಇನ್ನೂ ಹಿಡಿದಿರಲಿಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಸಕ್ರೆಬೈಲಿನ ಆನೆ ಬಿಡಾರ, ಮಂಡಗದ್ದೆಯ ಪಕ್ಷಿಧಾಮ ಎಂದು ಇಳಿಯುವುದಕ್ಕೆ ಬೇಕಾದಷ್ಟು ಜಾಗಗಳಿವೆ. ಈ ಸಲ ನಾವು ಎಲ್ಲೂ ಇಳಿಯಲಿಲ್ಲ. ನನಗೆ ಸೀತಾಳೆ ದಂಡೆ ನೋಡಬೇಕಿತ್ತು. ಮರಗಳ ಮೇಲೆ ಬೆಳೆದು ಗೊನೆಗೊನೆಯಾಗಿ ಹೂ ಬಿಡುವ ಆರ್ಕಿಡ್ ಅದು. ಅದನ್ನು ಮರದ ಮೇಲೆಯೇ ನೋಡಬೇಕಿತ್ತು.

ತೀರ್ಥಹಳ್ಳಿ ದಾಟಿದ ಮೇಲೆ ಕಣ್ಣೆಲ್ಲ ಮರಗಳ ಕವಲುಗಳ ಮೇಲೇ. ಮೊದಲನೆಯದು ಸಿಕ್ಕಿದ್ದು ರಸ್ತೆ ಬದಿಯ ಹಳೇ ಮಾವಿನ ಮರದಲ್ಲಿ, ಎಟುಕದ ಎತ್ತರದಲ್ಲಿ. ಆಗುಂಬೆ ಹತ್ತಿರ ನಾವು ಉಳಿದ ಮನೆಯ ಅಂಗಳದಂಚಿನ ಹಲಸಿನ ಮರದಲ್ಲಿ ಮಾತ್ರ ಅದು ಕಣ್ಣಿನ ಮಟ್ಟದಲ್ಲೇ ಇತ್ತು. ಮೊಳದುದ್ದದ ಗೊನೆ ನೆಲದ ಕಡೆಗೆ ಬಾಗಿತ್ತು. ಒಂದರ ಪಕ್ಕ ಒಂದು ಒತ್ತಾಗಿ ಕೂತ ಪುಟ್ಟ ಹೂಗಳು ನೂರರ ಮೇಲಿದ್ದಾವು. ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ, ನಡುವಿನ ತುಟಿ ಮಾತ್ರ ಗಾಢ ಗುಲಾಬಿ.

ಹೂವಿಗಿಂತ ನಾನು ಹೆಚ್ಚು ಹೊತ್ತು ನೋಡಿದ್ದು ಬೇರನ್ನು. ಕಿರುಬೆರಳಿನಷ್ಟು ದಪ್ಪದ ಬೂದುಬಿಳಿ ಬೇರುಗಳು ತೊಗಟೆಗೆ ಅಂಟಿಕೊಂಡಿದ್ದವು, ಕೆಲವು ಗಾಳಿಗೇ ಜೋತುಬಿದ್ದಿದ್ದವು. ಮನೆಯ ಅಮ್ಮ ಒಂದು ಚೊಂಬು ನೀರು ಎರಚಿದರು. ನೋಡನೋಡುತ್ತಲೇ ಬೇರು ಹಸಿರಿಗೆ ತಿರುಗಿತು. ಮೇಲಿನ ಸ್ಪಂಜಿನಂಥ ಪದರ ನೀರು ಹೀರಿಕೊಂಡಾಗ ಒಳಗಿನ ಹಸಿರು ಕಾಣುತ್ತದೆ. ಗಿಡಕ್ಕೆ ಬಾಯಾರಿದೆಯೋ ಇಲ್ಲವೋ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

"ಇದು ಬಂದಳಿಕೆ ಅಲ್ವಾ ಅಮ್ಮಾ, ಮರಕ್ಕೆ ತೊಂದರೆ ಇಲ್ವಾ?" ಜೊತೆಗೆ ಬಂದಿದ್ದ ಗೆಳೆಯ ಕೇಳಿದ.

"ಎಂತ ತೊಂದರೆಯೂ ಇಲ್ಲ ಮಾರಾಯ್ರೆ. ಕೂತ್ಕೊಳ್ಳಕ್ಕೆ ಜಾಗ ಬೇಕು ಅದಕ್ಕೆ, ಅಷ್ಟೇ. ಮಣ್ಣಿಗೆ ಮಾತ್ರ ಹಾಕ್ಬೇಡಿ, ಕೊಳ್ತು ಹೋಗ್ತದೆ."

ಅವರು ಹೇಳಿದ್ದು ಸರಿ. ಬಂದಳಿಕೆ ಮರದ ರಸವನ್ನೇ ಹೀರುತ್ತದೆ. ಇದು ಮಳೆ, ಮಂಜು, ತೊಗಟೆಯ ಮೇಲೆ ಕೂತ ಕಸಕಡ್ಡಿಯ ಸಾರದಲ್ಲೇ ಬದುಕುತ್ತದೆ. ಮನೆಯಲ್ಲಿ ಬೆಳೆಸುವವರೂ ಅದಕ್ಕೆ ಇಂಥದ್ದೇ ಬಾಳು ಒದಗಿಸಬೇಕು. ಒರಟು ತೊಗಟೆಯ ಮರದ ತುಂಡಿಗೋ ಜೀವಂತ ಮರಕ್ಕೋ ಹತ್ತಿ ದಾರದಿಂದ ಬಿಗಿಯಾಗಿ ಕಟ್ಟಿ. ಅಲ್ಲಾಡಿದರೆ ಬೇರು ಹಿಡಿಯುವುದಿಲ್ಲ. ಮರದ ಪಟ್ಟಿಯ ಬುಟ್ಟಿಯಾದರೆ ಇದ್ದಿಲಿನ ದಪ್ಪ ತುಂಡುಗಳು ಸಾಕು. ಬೆಳಗಿನ ಎಳೆಬಿಸಿಲು, ಮಧ್ಯಾಹ್ನ ಚದುರಿದ ನೆರಳು, ಸದಾ ಆಡುವ ಗಾಳಿ ಇರಲಿ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ ನೀರು, ಚಳಿಗಾಲದಲ್ಲಿ ಕಡಿಮೆ. ಸಂಜೆ ಹಾಕಿದ ನೀರು ಸುಳಿಯಲ್ಲಿ ನಿಂತರೆ ಸುಳಿ ಕೊಳೆಯುತ್ತದೆ. ಈ ಗಿಡ ಒಂದೇ ಸುಳಿಯಿಂದ ಮೇಲಕ್ಕೆ ಬೆಳೆಯುವುದರಿಂದ ಆ ಪೆಟ್ಟಿನಿಂದ ಚೇತರಿಸಿಕೊಳ್ಳುವುದು ಕಷ್ಟ. ಗೊಬ್ಬರ ಬೆಳೆಯುವ ಕಾಲದಲ್ಲಿ ಮಾತ್ರ, ತುಂಬ ತೆಳು ಮಾಡಿ. ಬೇರು ಹಿಡಿದ ಮೇಲೆ ಜಾಗ ಬದಲಿಸಲೇಬೇಡಿ.

ಕಾಡಿನಿಂದ ಕಿತ್ತು ತರುವುದು ಅಪರಾಧ. ಕಾನೂನಿನ ಮಾತು ಬಿಟ್ಟರೂ, ಇದರ ಬೀಜ ಧೂಳಿನಷ್ಟು ಸಣ್ಣದು, ಒಳಗೆ ಆಹಾರದ ದಾಸ್ತಾನೇ ಇಲ್ಲ. ತೊಗಟೆಯಲ್ಲಿ ಸರಿಯಾದ ಶಿಲೀಂಧ್ರ ಜೊತೆಯಾದರಷ್ಟೇ ಮೊಳೆಯುತ್ತದೆ, ಹೂ ಬಿಡುವಷ್ಟು ಬೆಳೆಯಲು ವರ್ಷಗಳೇ ಬೇಕು. ಹೀಗಿರುವಾಗ ಗೊನೆಯ ಆಸೆಗೆ ಇಡೀ ಗಿಡ ಎಳೆಯುವವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಬೇಕಿದ್ದವರು ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿ ಕೊಂಡುಕೊಳ್ಳಲಿ.

ಮರುದಿನ ಕುಂದಾದ್ರಿ ಹತ್ತಿದೆವು. ಬಸದಿಯ ಹತ್ತಿರ ಗಾಳಿ ಜೋರಿತ್ತು, ಹೂ ಕಾಣಲಿಲ್ಲ. ಇಳಿದು ಬರುವಾಗ ದಾರಿಯ ಮರಗಳಲ್ಲಿ ಮತ್ತೆರಡು ಕಡೆ ಸಿಕ್ಕಿತು.

ನೋಡಲು ಹೋಗುವವರು ಮೇ ಕೊನೆಯ ವಾರ ಹೋಗಿ. ಹೂ ಎರಡು-ಮೂರು ವಾರವಷ್ಟೇ ಇರುತ್ತದೆ. ಮೃಗಶಿರ ಮಳೆ ಹಿಡಿದರೆ ಆಗುಂಬೆಯಲ್ಲಿ ತಲೆಯೆತ್ತಿ ಮರ ನೋಡುವುದೇ ಕಷ್ಟ, ಕಾಲಿಗೆ ಉಂಬಳದ (ಕಾಡುಜಿಗಣೆ) ಕಾಟ ಬೇರೆ. ದುರ್ಬೀನು ಇದ್ದರೆ ಮರೆಯದೆ ಇಟ್ಟುಕೊಳ್ಳಿ, ಒಳ್ಳೆಯ ಗೊನೆಗಳೆಲ್ಲ ಎತ್ತರದಲ್ಲೇ ಇರುತ್ತವೆ.