ಆರು ನಿಮಿಷ

ನಾನು ಗೆರೆ ದಾಟಿದಾಗ ಗಡಿಯಾರ 8 ಗಂಟೆ 36 ನಿಮಿಷ ತೋರಿಸುತ್ತಿತ್ತು. ಕೊಟ್ಟಿದ್ದ ಅವಧಿ 8 ಗಂಟೆ 30 ನಿಮಿಷ. ಕಮಾನು ಇನ್ನೂ ನಿಂತಿತ್ತು, ಧ್ವನಿವರ್ಧಕದಲ್ಲಿ ಹಾಡು ಕೇಳುತ್ತಲೇ ಇತ್ತು. ಕಾಲೇಜಿಗೆ ಹೋಗುವ ವಯಸ್ಸಿನ ಸ್ವಯಂಸೇವಕಿಯೊಬ್ಬಳು ಬಂದು ಮಂಡಿಯೂರಿ ಕುಳಿತು ನನ್ನ ಕಣಕಾಲಿಗೆ ಕಟ್ಟಿದ್ದ, ಸಮಯ ದಾಖಲಿಸುವ ಚಿಪ್ ಇದ್ದ ಪಟ್ಟಿಯನ್ನು ಬಿಚ್ಚಿಕೊಂಡಳು. ಮುಖ ನೋಡಲಿಲ್ಲ. ಏನು ಹೇಳಬೇಕೆಂದು ಆ ಮಗುವಿಗೂ ತಿಳಿದಿರಲಿಕ್ಕಿಲ್ಲ. ಪದಕ ಕೊಡುವ ಮೇಜಿನ ಕಡೆಗೆ ನಾನು ಹೋಗಲಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಸಮಯವಿರಲಿಲ್ಲ. ಸ್ಪರ್ಧೆ ಪೂರ್ಣಗೊಳಿಸಿಲ್ಲ ಎಂಬುದನ್ನು ತಿಳಿಸುವ ಮೂರು ಅಕ್ಷರಗಳಿದ್ದವು.

ಈಜು 1.9 ಕಿ.ಮೀ., ಸೈಕಲ್ 90 ಕಿ.ಮೀ., ಓಟ 21.1 ಕಿ.ಮೀ. ಒಂದರ ಬೆನ್ನಿಗೊಂದು, ನಡುವೆ ಬಟ್ಟೆ ಬೂಟು ಬದಲಿಸುವಷ್ಟೇ ಬಿಡುವು. ಇದು ಐರನ್‌ಮ್ಯಾನ್ ಎಂಬ ಟ್ರಯಥ್ಲಾನ್ ಸ್ಪರ್ಧೆಯ ದೂರದ ಸರಿಯಾಗಿ ಅರ್ಧ. 1978ರಲ್ಲಿ ಹವಾಯಿಯ ಒವಾಹು ದ್ವೀಪದಲ್ಲಿ ಮೊದಲ ಬಾರಿಗೆ ಆ ಪೂರ್ತಿ ದೂರಕ್ಕೆ 15 ಜನ ಹೊರಟು 12 ಜನ ಮುಗಿಸಿದರು. ಉಳಿದ ಮೂವರನ್ನು ನಾನು ಈಗ ಆಗಾಗ ನೆನೆಯುತ್ತೇನೆ.

ಅವ್ವನಿಗೆ ಈ ಲೆಕ್ಕವನ್ನು ನಮ್ಮ ಊರುಗಳ ಅಳತೆಯಲ್ಲಿ ಹೇಳಿದ್ದೆ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಜಗತ್ತಿನಲ್ಲೇ ಉದ್ದವಾದ ಪ್ಲಾಟ್‌ಫಾರಂ ಇದೆಯಲ್ಲ, 1,507 ಮೀಟರ್, ಅದರ ಈ ತುದಿಯಿಂದ ಆ ತುದಿಯವರೆಗೆ ಈಜಿ, ಮತ್ತೆ ಕಾಲು ಭಾಗ ಹಿಂದಕ್ಕೆ ಬರಬೇಕು. ಆಮೇಲೆ ಸೈಕಲ್ ಹತ್ತಿ ಹುಬ್ಬಳ್ಳಿಯಿಂದ ಅಣ್ಣಿಗೇರಿಗೆ ಹೋಗಿ, ತಿರುಗಿ ಬಂದು, ಇನ್ನೂ ಇಪ್ಪತ್ತು ಕಿಲೋಮೀಟರ್ ತುಳಿಯಬೇಕು. ಅದಾದ ಮೇಲೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಓಡಬೇಕು. ಅವ್ವ ಕೇಳಿದ್ದು ಒಂದೇ ಮಾತು: "ಅಷ್ಟು ಹೊತ್ತು ಹೊಟ್ಟೆಗೆ ಏನು ಮಾಡುತ್ತೀ?" ಹೊರಡುವ ಹಿಂದಿನ ದಿನ ಒಂದು ಡಬ್ಬಿ ಶೇಂಗಾ ಉಂಡೆ ಕಟ್ಟಿ ಕಳಿಸಿದಳು. ಇಡೀ ಸ್ಪರ್ಧೆಯ ಬಗ್ಗೆ ಯಾರೂ ಕೇಳದ, ಕೇಳಲೇಬೇಕಾಗಿದ್ದ ಪ್ರಶ್ನೆ ಅದಾಗಿತ್ತು ಎಂದು ಈಗ ಅನ್ನಿಸುತ್ತದೆ.

ನನಗೆ ನಲವತ್ತೊಂದು ವರ್ಷ. ಹುಬ್ಬಳ್ಳಿಯ ಒಂದು ಬ್ಯಾಂಕಿನಲ್ಲಿ ಕೆಲಸ. ತವರು ಅಣ್ಣಿಗೇರಿ ಹತ್ತಿರದ ಹಳ್ಳಿ. ಈಜು ಕಲಿತದ್ದು ಹೊಲದ ಬಾವಿಯಲ್ಲಿ, ಬೆನ್ನಿಗೆ ಬೆಂಡು ಕಟ್ಟಿಕೊಂಡು. ಸೋದರಮಾವ ಮೇಲಿನಿಂದ ಹಗ್ಗ ಹಿಡಿದಿರುತ್ತಿದ್ದ. ದೊಡ್ಡವಳಾದ ಮೇಲೆ ಬಾವಿಗೆ ಇಳಿಯಬಾರದು ಎಂದರು, ಅಲ್ಲಿಗೆ ಈಜು ನಿಂತಿತು. ಮತ್ತೆ ನೀರಿಗಿಳಿದದ್ದು ಇಪ್ಪತ್ತೈದು ವರ್ಷಗಳ ನಂತರ, 25 ಮೀಟರಿನ ಈಜುಕೊಳದಲ್ಲಿ. ಅಲ್ಲಿ 76 ಸಲ ಈ ದಡದಿಂದ ಆ ದಡ ಮುಟ್ಟಿದರೆ 1.9 ಕಿ.ಮೀ. ಬೆಳಗಿನ ಐದೂವರೆಗೆ ಕೊಳ, ಎಂಟಕ್ಕೆ ಮಗನ ಶಾಲೆಯ ಡಬ್ಬಿ, ಹತ್ತಕ್ಕೆ ಕೌಂಟರ್. ಭಾನುವಾರ ಗದಗ ರಸ್ತೆಯಲ್ಲಿ ಸೈಕಲ್. ಸಂಜೆ ಉಣಕಲ್ ಕೆರೆಯ ಬದಿಯಲ್ಲಿ ಓಟ. ಹೀಗೆ ಹತ್ತು ತಿಂಗಳು.

ಅಕ್ಟೋಬರಿನಲ್ಲಿ ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿಕೊಂಡು ರಾಮನಗರದ ಮೇಲಿನಿಂದ ಗೋವಾಕ್ಕೆ ಇಳಿದೆವು. ಅನಮೋಡ ಘಟ್ಟದ ತಿರುವುಗಳಲ್ಲಿ ಕಿಟಕಿ ತೆರೆದಾಗ ಗಾಳಿ ಬೇರೆಯಾಗಿತ್ತು. ಒದ್ದೆ ಬಟ್ಟೆ ಮುಖಕ್ಕೆ ಒತ್ತಿದ ಹಾಗೆ. ನಾವು ಸಮುದ್ರ ಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿ ಬದುಕುವವರು. ನಮ್ಮ ಕಡೆಯ ಗಾಳಿಗೆ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಆರುವಾಗಲೇ ಅದು ಮೈಯ ಬಿಸಿಯನ್ನು ಒಯ್ಯುವುದು. ಕರಾವಳಿಯ ಗಾಳಿಯಲ್ಲಿ ಬೆವರು ಆರುವುದಿಲ್ಲ, ಸುರಿಯುತ್ತದೆ. ಮೈ ತಣಿಯುವುದಿಲ್ಲ. ರಕ್ತವನ್ನು ಚರ್ಮದ ಕಡೆಗೆ ತಳ್ಳಿ ತಳ್ಳಿ ಹೃದಯ ಹೆಚ್ಚು ಬಡಿದುಕೊಳ್ಳುತ್ತದೆ. ಇದೆಲ್ಲ ನನಗೆ ಓದಿ ಗೊತ್ತಿತ್ತು. ಗೊತ್ತಿದ್ದೂ ಒಂದೇ ಒಂದು ವಾರ ಮೊದಲು ಹೋಗಿ ಅಲ್ಲಿ ಓಡಿ ನೋಡಲಿಲ್ಲ. ರಜೆ ಸಿಗಲಿಲ್ಲ ಎನ್ನಬಹುದು, ಆದರೆ ನಾನು ಕೇಳಿಯೇ ಇರಲಿಲ್ಲ.

ನನಗೆ ಭಯವಿದ್ದದ್ದು ಸಮುದ್ರದ್ದು. ಬಾವಿಯ ನೀರಿಗೆ ಗೋಡೆ ಇರುತ್ತದೆ, ಕೊಳಕ್ಕೆ ತಳದಲ್ಲಿ ಗೆರೆ ಇರುತ್ತದೆ. ಇಲ್ಲಿ ಕೆಳಗೆ ಮಸುಕು, ಮುಂದೆ ದಾರಿ ತೋರಲು ತೇಲಿಬಿಟ್ಟ ಬುರುಡೆ, ಅದೂ ಅಲೆ ಎತ್ತಿದಾಗ ಮಾತ್ರ ಕಾಣುವುದು. ಮೊದಲ ಇನ್ನೂರು ಮೀಟರಿನಲ್ಲಿ ಯಾರದೋ ಹಿಮ್ಮಡಿ ಬಡಿದು ಕಣ್ಣಿನ ಗಾಜಿನೊಳಗೆ ನೀರು ನುಗ್ಗಿತು. ಬೆನ್ನ ಮೇಲೆ ಹೊರಳಿ, ಆಕಾಶ ನೋಡುತ್ತ ನೀರು ಚೆಲ್ಲಿ, ಮತ್ತೆ ಹೊರಳಿದೆ. ಬೆನ್ನಿಗೆ ಬೆಂಡು ಇದೆ ಎಂದುಕೊಂಡೆ. ಅಷ್ಟು ನೆನಪಾದದ್ದೇ ಸಾಕಾಯಿತು. 52 ನಿಮಿಷಕ್ಕೆ ಮರಳಿನ ಮೇಲೆ ನಿಂತಿದ್ದೆ. ಮಿತಿ ಇದ್ದದ್ದು 70 ನಿಮಿಷ.

ನಾನು ಸೋತದ್ದು ಆ ಸಂತೋಷದಲ್ಲಿ. ಓಟದಲ್ಲಿ ಸೋತೆ ಎಂದು ನೋಡಿದವರೆಲ್ಲ ಹೇಳುತ್ತಾರೆ, ಯಾಕೆಂದರೆ ಕುಂಟಿದ್ದು ಅಲ್ಲಿ. ಆದರೆ ನನಗೆ ಜಾಗ ಗೊತ್ತಿದೆ. ಸೈಕಲ್ಲಿನ ಮೊದಲ ಹತ್ತು ಕಿಲೋಮೀಟರಿನಲ್ಲಿ, ಕಷ್ಟದ್ದು ಮುಗಿಯಿತು ಎಂಬ ಹುರುಪಿನಲ್ಲಿ, ಮುಂದಿದ್ದ ಒಬ್ಬೊಬ್ಬರನ್ನೂ ದಾಟುತ್ತ ಹೋದೆನಲ್ಲ, ಅಲ್ಲಿ. ಅಭ್ಯಾಸದಲ್ಲಿ ಗಂಟೆಗೆ 22 ಕಿ.ಮೀ. ತುಳಿದವಳು ಅಂದು 25ರ ಹತ್ತಿರ ಇದ್ದೆ. ಕೈಗಡಿಯಾರದಲ್ಲಿ ಎದೆಬಡಿತ 160 ದಾಟಿತ್ತು. ನೋಡಿದೆ, ಉತ್ಸಾಹಕ್ಕೆ ಹೀಗಾಗಿದೆ ಎಂದುಕೊಂಡು ಕಣ್ಣು ಬೇರೆ ಕಡೆ ಹೊರಳಿಸಿದೆ.

ಅವ್ವನ ಉಂಡೆಗಳು ನಿಧಾನದ ಭಾನುವಾರಗಳಲ್ಲಿ ನನ್ನ ಹೊಟ್ಟೆಗೆ ಚೆನ್ನಾಗಿ ಒಗ್ಗಿದ್ದವು. ಎದೆ ಆ ವೇಗದಲ್ಲಿ ಬಡಿಯುವಾಗ ಒಗ್ಗಲಿಲ್ಲ. ಎಣ್ಣೆಕಾಳು ಕರಗಲು ಹೊತ್ತು ಬೇಕು, ರಕ್ತವೆಲ್ಲ ಕಾಲಿಗೂ ಚರ್ಮಕ್ಕೂ ಹೋದಾಗ ಹೊಟ್ಟೆಗೆ ಉಳಿಯುವುದೇನು? ಎರಡನೆಯ ಉಂಡೆ ಗಂಟಲಲ್ಲೇ ನಿಂತಿತು. ಇನ್ನು ಉಪ್ಪು. ಆರು ಉಪ್ಪಿನ ಮಾತ್ರೆಗಳನ್ನು ಕಾಗದದಲ್ಲಿ ಸುತ್ತಿ ಜೆರ್ಸಿಯ ಹಿಂದಿನ ಜೇಬಿನಲ್ಲಿಟ್ಟಿದ್ದೆ. ಐವತ್ತನೆಯ ಕಿಲೋಮೀಟರಿನಲ್ಲಿ ಕೈ ಹಾಕಿದರೆ ಬೆವರಿಗೆ ಕಾಗದ ನೆನೆದು, ಮಾತ್ರೆಯ ಕವಚಗಳು ಕರಗಿ, ಎಲ್ಲ ಸೇರಿ ಹಿಟ್ಟಿನ ಮುದ್ದೆಯಂತಾಗಿತ್ತು. ಬೆರಳಿಗೆ ಅಂಟಿದ್ದನ್ನು ನೆಕ್ಕಿದೆ. ಆಮೇಲೆ ಬರೀ ನೀರು ಕುಡಿಯುತ್ತ ಹೋದೆ. ಹೊಟ್ಟೆಯಲ್ಲಿ ನೀರು ಕುಲುಕುವ ಸದ್ದು ನನಗೇ ಕೇಳುತ್ತಿತ್ತು, ಬಾಯಿ ಮಾತ್ರ ಒಣಗಿಯೇ ಇತ್ತು.

ಸೈಕಲ್ 3 ಗಂಟೆ 38 ನಿಮಿಷಕ್ಕೆ ಮುಗಿಯಿತು. ಯೋಜನೆಯಲ್ಲಿದ್ದದ್ದು 4 ಗಂಟೆ 5 ನಿಮಿಷ. 27 ನಿಮಿಷ ಉಳಿಸಿದೆ ಎಂದು ಬೂಟು ಕಟ್ಟುತ್ತ ಲೆಕ್ಕ ಹಾಕಿದೆ. ಆ ಇಪ್ಪತ್ತೇಳು ನಿಮಿಷಕ್ಕೆ ಓಟದಲ್ಲಿ ನಾನು ಕೊಟ್ಟ ಬೆಲೆ ಎಪ್ಪತ್ತೊಂದು ನಿಮಿಷ.

ಏಳನೆಯ ಕಿಲೋಮೀಟರಿನಲ್ಲಿ ಬಲಗಾಲಿನ ಮೀನಖಂಡ ಮೊದಲು ಅದುರಿತು. ನಿಂತು ನೋಡಿದೆ. ಚರ್ಮದ ಕೆಳಗೆ ಏನೋ ಹರಿದಾಡುತ್ತಿದ್ದ ಹಾಗೆ ಸ್ನಾಯು ತಾನೇ ತಾನಾಗಿ ಏಳುತ್ತಿತ್ತು, ಇಳಿಯುತ್ತಿತ್ತು. ನನ್ನ ಕಾಲು ನನ್ನ ಮಾತು ಕೇಳದೆ ಇದ್ದದ್ದು ಅದೇ ಮೊದಲು. ಕಪ್ಪು ಚಡ್ಡಿಯ ಮೇಲೆ ಉಪ್ಪಿನ ಬಿಳಿ ಗೆರೆಗಳು, ಕೆರೆ ಬತ್ತಿದಾಗ ದಂಡೆಯಲ್ಲಿ ಒಂದರ ಕೆಳಗೊಂದು ಉಳಿಯುವಂಥವು. ಸೆಳೆತಕ್ಕೆ ಉಪ್ಪಿನ ಕೊರತೆ ಕಾರಣ ಎನ್ನುವವರಿದ್ದಾರೆ, ಮಿತಿಮೀರಿ ದಣಿದ ಸ್ನಾಯುವೇ ಕಾರಣ ಎನ್ನುವವರೂ ಇದ್ದಾರೆ. ನನ್ನ ಕಾಲಿನಲ್ಲಿ ಅಂದು ಎರಡೂ ಇದ್ದವು. ಅಲ್ಲಿಂದ ಗುರಿಯವರೆಗೆ ಹೆಚ್ಚುಕಡಿಮೆ ನಡೆದೆ. ಹದಿನೆಂಟರ ಹತ್ತಿರ ಅವಧಿ ಮೀರುತ್ತದೆ ಎಂಬುದು ಖಚಿತವಾಯಿತು. ಆಗ ಅತ್ತೆ, ಆದರೆ ನಿಲ್ಲಲಿಲ್ಲ. ನಿಲ್ಲದೆ ಇದ್ದದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಮಗ ಕಮಾನಿನ ಹತ್ತಿರ ಕಾಯುತ್ತಿದ್ದ.

ಹುಬ್ಬಳ್ಳಿಗೆ ಬಂದ ಮೇಲೆ ಎಲ್ಲರೂ ಸಮಾಧಾನ ಹೇಳಿದರು. ಬ್ಯಾಂಕಿನಲ್ಲಿ ಶಾಲು ಹೊದಿಸಿದರು, ಪೇಢೆ ಹಂಚಿದರು. ಭಾಗವಹಿಸಿದ್ದೇ ದೊಡ್ಡದು, ಈ ವಯಸ್ಸಿನಲ್ಲಿ ಯಾರು ಮಾಡುತ್ತಾರೆ, ಆರು ನಿಮಿಷ ಯಾವ ಲೆಕ್ಕ? ಅವರ ಪ್ರೀತಿಗೆ ನಾನು ಋಣಿ. ಆದರೂ ಆ ಮಾತುಗಳು ನನ್ನನ್ನು ಮುಟ್ಟಲಿಲ್ಲ, ಒಂದಿಷ್ಟು ನೋಯಿಸಿದವು ಕೂಡ. ಕೌಂಟರಿನಲ್ಲಿ ಆರು ರೂಪಾಯಿ ಕಡಿಮೆ ಬಿದ್ದರೆ ಸಿಗುವವರೆಗೆ ಯಾರೂ ಮನೆಗೆ ಹೋಗುವುದಿಲ್ಲವಲ್ಲ. ನನ್ನ ಹತ್ತು ತಿಂಗಳು ಎಲ್ಲಿ ತಪ್ಪಿತು ಎಂದು ನನಗೆ ತಿಳಿಯಬೇಕಿತ್ತು, ಅದನ್ನು ಯಾರಿಗಾದರೂ ಹೇಳಬೇಕಿತ್ತು. ಅದು ತಪ್ಪೇ ಅಲ್ಲ ಎಂದುಬಿಟ್ಟರೆ ನಾನು ಮಾಡಿದ ಕೆಲಸವನ್ನೂ ಇಲ್ಲವಾಗಿಸಿದ ಹಾಗೆ.

ಕೇಳಿದವನು ಅಪ್ಪ ಒಬ್ಬನೇ. ಅದೂ ಎರಡು ತಿಂಗಳ ನಂತರ, ಎಳ್ಳ ಅಮಾವಾಸ್ಯೆಯ ದಿನ. ತವರಿಗೆ ಮನೆಯವರು, ಮಗ ಕಾರಿನಲ್ಲಿ ಹೋದರು, ನಾನು ಸೈಕಲ್ಲಿನಲ್ಲಿ ಹೋದೆ. ಚರಗ ಚೆಲ್ಲಿ, ಬದುವಿನ ಮೇಲೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು, ಉಳಿದವರು ಬೇವಿನ ನೆರಳಿಗೆ ಹೋದ ಮೇಲೆ ಅಪ್ಪ ಕೇಳಿದ: "ಎಲ್ಲಿ ಕೆಟ್ಟಿತು ಅವ್ವಾ?" ಬೆಳೆ ಕೈಕೊಟ್ಟ ವರ್ಷ ಪಕ್ಕದ ಹೊಲದವರನ್ನು ಕೇಳುವ ದನಿಯೇ ಅದು. ನಾನು ಮೊದಲಿನಿಂದ ಹೇಳಿದೆ. ಸಮುದ್ರ, ಸಂತೋಷ, ವೇಗ, ಉಪ್ಪು. ಅವನು ನಡುವೆ ಬಾಯಿ ಹಾಕಲಿಲ್ಲ.

"ಎರೆಯಲ್ಲಿ ಹಿಂಗಾರಿ ಜೋಳಕ್ಕೆ ಮಳೆ ಬರುವುದಿಲ್ಲ. ಬಿತ್ತುವಾಗ ನೆಲದಲ್ಲಿ ಎಷ್ಟು ಹಸಿ ಇದೆಯೋ ಅಷ್ಟೇ," ಎಂದ. "ದಟ್ಟವಾಗಿ ಬಿತ್ತಿದವನ ಹೊಲ ಮೊದಲು ಹಸಿರಾಗಿ ಕಾಣುತ್ತದೆ. ತೆನೆ ಕಾಳು ಕಟ್ಟುವ ಹೊತ್ತಿಗೆ ಕೆಳಗೆ ಏನೂ ಇರುವುದಿಲ್ಲ."

ಎದ್ದು ಕಡಲೆ ಸಾಲಿನ ನಡುವೆ ಕುಕ್ಕರುಗಾಲಿನಲ್ಲಿ ಕುಳಿತ. ಡಿಸೆಂಬರಿಗೆ ನೆಲ ಬಿರುಕು ಬಿಟ್ಟಿತ್ತು. ಅಪ್ಪ ಒಂದು ಬಿರುಕಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಒಂದು ಹಿಡಿ ಮಣ್ಣು ಕಿತ್ತು ನನ್ನ ಅಂಗೈಗೆ ಹಾಕಿದ. ಮೇಲಿನದು ಬೂದಿಯಂತೆ ಒಣಗಿದ್ದರೂ ಈ ಮಣ್ಣು ಕಪ್ಪಗೆ, ತಂಪಾಗಿ ಇತ್ತು. ಹಿಚುಕಿದೆ. ಬೆರಳಿನ ಗುರುತು ಹಾಗೆಯೇ ನಿಂತಿತು. "ಇದು ಇನ್ನೂ ಒಂದು ತಿಂಗಳಿಗೆ ಆಗುತ್ತದೆ," ಎಂದ.

ನಾಲ್ಕು ಗಂಟೆಗೆ ಹುಬ್ಬಳ್ಳಿ ಕಡೆಗೆ ಹೊರಟೆ. ಬೆನ್ನ ಹಿಂದೆ ಮೂಡಣ ಗಾಳಿ, ಸೈಕಲ್ ತಾನೇ ಓಡುತ್ತಿತ್ತು. ಎದೆಬಡಿತ 140ಕ್ಕೆ ಮುಟ್ಟಿದಾಗಲೆಲ್ಲ ಕಾಲು ಸಡಿಲ ಬಿಟ್ಟೆ. ಹೆಬಸೂರಿನ ಹತ್ತಿರ ಶಾಲೆಯ ಅಂಗಿ ತೊಟ್ಟ ಇಬ್ಬರು ಹುಡುಗರು ಹಳೆಯ ಸೈಕಲ್ಲುಗಳ ಮೇಲೆ ಪೆಡಲಿನ ಮೇಲೆ ನಿಂತು ತುಳಿಯುತ್ತ ನನ್ನನ್ನು ದಾಟಿ, ಹಿಂದಿರುಗಿ ನೋಡಿ ನಕ್ಕರು. ಹೋಗಲಿ ಎಂದು ಬಿಟ್ಟೆ. ಬಾಟಲಿಯಲ್ಲಿ ಉಪ್ಪು, ಸಕ್ಕರೆ, ನಿಂಬೆಯ ನೀರು ಇನ್ನೂ ಅರ್ಧ ಉಳಿದಿತ್ತು.