ವಿಟ್ಗೆನ್‌ಸ್ಟೈನ್ ಏನು ಹೇಳ್ತಾನೆ, ಒಂದು ಸಾಲಲ್ಲಿ ಹೇಳಿ ಸಾರ್

ಕೋಲಾರದಲ್ಲಿ ಈ ಪ್ರಶ್ನೆ ಬರುವುದೇ ಹೀಗೆ: ಒಂದು ಸಾಲಲ್ಲಿ ಹೇಳಿಬಿಡಿ. ಒಂದು ಸಾಲಿಗೆ ಇಳಿಯುವಂಥದ್ದಾಗಿದ್ದರೆ ಭಾಷೆಯ ಬಗ್ಗೆ ತಲೆ ಕೆಡಿಸಿಕೊಂಡ ಆ ತತ್ವಜ್ಞಾನಿ ‘ಫಿಲಸಾಫಿಕಲ್ ಇನ್ವೆಸ್ಟಿಗೇಷನ್ಸ್’ನಲ್ಲಿ 693 ಪ್ಯಾರಾ ಯಾಕೆ ಬರೀತಿದ್ದ? ಸ್ವಲ್ಪ ವಾಸಿ ಅನ್ನುವವರು ‘ಯಾವ ಪುಸ್ತಕದಿಂದ ಶುರು ಮಾಡಲಿ?’ ಅಂತಾರೆ. ಅದಕ್ಕೆ ಉತ್ತರ ಇದೆ. ಬಾಯಲ್ಲಿ ಹೇಳಿ ಸಾಕಾಯ್ತು, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಆತನ ಮೊದಲ ಪುಸ್ತಕ ‘ಟ್ರ್ಯಾಕ್ಟೇಟಸ್’ನಿಂದ ಬೇಡ. ಅಂಕಿ ಹಾಕಿದ ಏಳು ಮುಖ್ಯ ವಾಕ್ಯ, ಅವುಗಳ ಕೆಳಗೆ ದಶಮಾಂಶ ಅಂಕಿಯ ವಾಕ್ಯಗಳು, ಇಷ್ಟೇ ಅದು. ತೆಳ್ಳಗಿದೆ ಅಂತ ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಫ್ರೆಗೆ, ರಸೆಲ್‌ರ ತರ್ಕಶಾಸ್ತ್ರದ ಗಂಧಗಾಳಿ ಇಲ್ಲದವರು 3ನೇ ವಾಕ್ಯದ ಆಸುಪಾಸಿನಲ್ಲೇ ಸುಸ್ತಾಗಿ, ನೇರ ಕೊನೆಯ 7ನೇ ವಾಕ್ಯಕ್ಕೆ ಹಾರಿ, ‘ಮಾತಾಡಲಾಗದ್ದರ ಬಗ್ಗೆ ಮೌನವಾಗಿರಬೇಕು’ ಎಂಬ ಮಾತನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿ ಮುಗಿಸುತ್ತಾರೆ.

ಮೊದಲು ‘ಬ್ಲೂ ಬುಕ್’ ಓದಿ. 1933-34ರಲ್ಲಿ ಕೇಂಬ್ರಿಡ್ಜಿನಲ್ಲಿ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲೇ ಹೇಳಿ ಬರೆಸಿದ್ದು. ಪದದ ಅರ್ಥ ಅಂದರೇನು ಎಂಬ ಪ್ರಶ್ನೆಯಿಂದಲೇ ಶುರುವಾಗುತ್ತದೆ. ವಾಕ್ಯಗಳು ಒಂದರ ಹಿಂದೊಂದು ಬರುತ್ತವೆ, ಓದುವವನ ಕೈ ಬಿಡುವುದಿಲ್ಲ. ಆಮೇಲೆ ಆತ ಸತ್ತ ಎರಡು ವರ್ಷಕ್ಕೆ, 1953ರಲ್ಲಿ ಬಂದ ‘ಫಿಲಸಾಫಿಕಲ್ ಇನ್ವೆಸ್ಟಿಗೇಷನ್ಸ್’. ಸಿಕ್ಕರೆ 2009ರ ನಾಲ್ಕನೇ ಆವೃತ್ತಿ ತೆಗೆದುಕೊಳ್ಳಿ.

ಒಂದು ಕೂತಿಗೆ ನಾಲ್ಕೈದು ಪ್ಯಾರಾ, ಅದಕ್ಕಿಂತ ಹೆಚ್ಚು ಬೇಡ. 2ನೇ ಪ್ಯಾರಾದಲ್ಲಿ ಮೇಸ್ತ್ರಿ ‘ಚಪ್ಪಡಿ’ ಅಂತ ಕೂಗುತ್ತಾನೆ, ಆಳು ತಂದುಕೊಡುತ್ತಾನೆ. ಭಾಷೆ ಇಷ್ಟೇ ಅಂತ ಆತ ಹೇಳುತ್ತಿದ್ದಾನೆ ಎಂದುಕೊಂಡರೆ ಅಲ್ಲೇ ದಾರಿ ತಪ್ಪಿತು. ಪದವೆಂದರೆ ವಸ್ತುವಿನ ಹೆಸರು ಎಂಬ ಸಂತ ಆಗಸ್ಟೀನನ ಚಿತ್ರ ಎಂಥ ಭಾಷೆಗೆ ಹೊಂದೀತು ಅಂತ ತೋರಿಸಲು ಕಟ್ಟಿದ ಪುಟ್ಟ ಭಾಷೆ ಅದು. 8ರಲ್ಲಿ ಅದಕ್ಕೆ ಎಣಿಕೆ, ‘ಅಲ್ಲಿ’, ‘ಇದು’ ಸೇರಿಸುತ್ತಾನೆ, ಚಿತ್ರ ಬಿರುಕು ಬಿಡುತ್ತದೆ. ನಂಬಿಕೆ ಬರದಿದ್ದರೆ ನಮ್ಮ ಟೊಮೆಟೊ ಮಂಡಿಗೆ ಹೋಗಿ ನಿಂತುಕೊಳ್ಳಿ. ‘ಬಾಕ್ಸ್’ ಅಂತ ಹರಾಜಿನವನು ಅಂದರೆ 15 ಕೆ.ಜಿ. ಲೆಕ್ಕ, ಹಮಾಲಿಗೆ ಅಂದರೆ ಎತ್ತು ಅಂತ, ರೈತ ಅಂದರೆ ಖಾಲಿಯಾದದ್ದು ವಾಪಸ್ ಕೊಡು ಅಂತ.

43ನೇ ಪ್ಯಾರಾ ಬಂತೆಂದರೆ ‘ಬಳಕೆಯೇ ಅರ್ಥ’ ಅಂತ ಗೀಟು ಹಾಕುತ್ತೀರಿ. ಅದೇ ವಾಕ್ಯದಲ್ಲಿ ‘ಬಹಳಷ್ಟು ಸಂದರ್ಭಗಳಲ್ಲಿ, ಎಲ್ಲದರಲ್ಲೂ ಅಲ್ಲ’ ಅಂತಲೂ ಇದೆ. ಅದಕ್ಕೆ ಯಾರೂ ಗೀಟು ಹಾಕುವುದಿಲ್ಲ.

ನಿಜಕ್ಕೂ ಕೇಳಬೇಕಾದ ಪ್ರಶ್ನೆ, ಯಾರೂ ಕೇಳದ್ದು: ಇಲ್ಲಿ ಮಾತಾಡುತ್ತಿರುವುದು ಯಾರು? ಪುಸ್ತಕದ ತುಂಬಾ ಒಬ್ಬ ಎದುರಾಳಿ ಇದ್ದಾನೆ. ಅವನಿಗೆ ಹೆಸರಿಲ್ಲ. ಉದ್ಧರಣ ಚಿಹ್ನೆಯೊಳಗೋ ಅಡ್ಡಗೆರೆಯ ಹಿಂದೋ ತಲೆ ಹಾಕಿ ‘ಆದರೂ ಒಳಗೆ ಏನೋ ಇದೆಯಲ್ಲ!’ ಅನ್ನುತ್ತಾನೆ. ಪೆನ್ಸಿಲ್ ಹಿಡಿದು ಅವನ ಮಾತಿಗೆ ‘ಎ’, ವಿಟ್ಗೆನ್‌ಸ್ಟೈನನ ಉತ್ತರಕ್ಕೆ ‘ವಿ’, ಬರೀ ಉದಾಹರಣೆಗೆ ‘ಉ’ ಅಂತ ಅಂಚಿನಲ್ಲಿ ಗುರುತು ಹಾಕಿ. ಯಾವುದೂ ಅಲ್ಲ ಅನ್ನಿಸಿದಲ್ಲಿ ಪ್ರಶ್ನಾರ್ಥಕ ಹಾಕಿ. ಪರಿಣತರೂ ಅಲ್ಲೇ ಜಗಳ ಆಡುವುದು.

ಈ ಗುರುತಿಲ್ಲದೆ 293ಕ್ಕೆ ಹೋದರೆ ಏನಾಗುತ್ತದೆ ನೋಡಿ. ಎಲ್ಲರ ಬಳಿಯೂ ಒಂದೊಂದು ಡಬ್ಬಿ, ಒಳಗಿರುವುದಕ್ಕೆ ‘ಜೀರುಂಡೆ’ ಅಂತ ಹೆಸರು, ಇನ್ನೊಬ್ಬರ ಡಬ್ಬಿ ಇಣುಕುವಂತಿಲ್ಲ. ಅವರವರ ನೋವು ಅವರವರಿಗೇ ಗೊತ್ತು ಅನ್ನುವ ಮಾತಿಗೆ ಇದು ಹೋಲಿಕೆ. ಓದಿದವರು ಎದ್ದುಬಂದು ‘ನೋವು ಅನ್ನುವುದೇ ಇಲ್ಲ ಅಂತಾನೆ’ ಅನ್ನುತ್ತಾರೆ. ಆತ ಹೇಳಿದ್ದು ‘ಹೀಗಾದರೆ’ ಎಂಬ ಷರತ್ತು ಹಾಕಿ: ನೋವಿನ ಮಾತನ್ನು ವಸ್ತು ಮತ್ತು ಅದರ ಹೆಸರು ಎಂಬ ಅಚ್ಚಿಗೆ ಹೊಯ್ಯುವುದಾದರೆ, ಆ ವಸ್ತು ಲೆಕ್ಕಕ್ಕೇ ಬರುವುದಿಲ್ಲ. ತಪ್ಪು ಅಚ್ಚಿನದು. 304ರಲ್ಲಿ ಎದುರಾಳಿ ನಿಮ್ಮದೇ ಆಕ್ಷೇಪ ಎತ್ತುತ್ತಾನೆ, ‘ಹಾಗಲ್ಲ’ ಎಂಬ ಉತ್ತರವೂ ಅಲ್ಲೇ ಇದೆ. ಹನ್ನೊಂದು ಪ್ಯಾರಾ ತಾಳ್ಮೆ ಇಲ್ಲದಿದ್ದರೆ ಹೇಗೆ?

ಓದುವ ಕ್ರಮ: 1ರಿಂದ 133, ಆಮೇಲೆ ನಿಯಮ ಪಾಲಿಸುವುದೆಂದರೇನು ಎಂಬ 143ರಿಂದ 242, ಆಮೇಲೆ 243ರಿಂದ 315. 185ರಲ್ಲಿ ಎರಡೆರಡು ಕೂಡಿಸುತ್ತಾ 1000 ದಾಟಿದ ಹುಡುಗ 1004, 1008 ಬರೆಯುತ್ತಾನೆ. ಅಲ್ಲಿ ಬೇಕಾದಷ್ಟು ದಿನ ನಿಲ್ಲಿ. ಉಳಿದದ್ದು ಕಾಯುತ್ತದೆ.

ಆಗ ‘ಟ್ರ್ಯಾಕ್ಟೇಟಸ್’ ತೆಗೆಯಿರಿ. ಮೊದಲು 1ರಿಂದ 7ರವರೆಗಿನ ಏಳು ವಾಕ್ಯ ಮಾತ್ರ, ಆಮೇಲೆ 2.1, 2.2 ಥರದವು, ಕೊನೆಗೆ ಉದ್ದ ದಶಮಾಂಶದವು. ರಸೆಲ್‌ರ ಮುನ್ನುಡಿ ಬಿಟ್ಟರೂ ನಡೆಯುತ್ತದೆ, ಬರೆದವನಿಗೇ ಅದು ಹಿಡಿಸಿರಲಿಲ್ಲ.